ಸ್ಕ್ಯಾನ್ ಚೀಟಿಯಲ್ಲಿ ಏನು ಬರೆಸಬೇಕು: ಕಂಪವಾತ, ಮರೆವು ಮತ್ತು ಮಿದುಳಿನ ಚಿತ್ರಗಳಿಗೊಂದು ಮಾರ್ಗದರ್ಶಿ

ನಮ್ಮ ತಂದೆಯವರನ್ನು ಮೊದಲ ಸಲ ಎಂಆರ್‌ಐಗೆ ಕಳಿಸಿದ ಚೀಟಿಯಲ್ಲಿ ಇದ್ದದ್ದು ಎರಡೇ ಪದ: ‘ಕೈ ನಡುಕ’. ವರದಿಯೂ ಅಷ್ಟೇ ಚುಟುಕಾಗಿ ಬಂತು: ‘ವಯಸ್ಸಿಗೆ ತಕ್ಕ ಬದಲಾವಣೆಗಳು, ಬೇರೆ ವಿಶೇಷವಿಲ್ಲ.’ ಸದ್ಯ ಬದುಕಿದೆವು ಅಂದುಕೊಂಡೆವು. ಕಂಪವಾತ ಅಲ್ಲ ಎಂದು ನಾವೇ ತೀರ್ಮಾನ ಮಾಡಿಕೊಂಡು ಒಂದೂವರೆ ವರ್ಷ ಸುಮ್ಮನಿದ್ದೆವು. ಕೊನೆಗೆ ಹೋದ ನರರೋಗ ತಜ್ಞರು ಫಿಲ್ಮನ್ನು ಲಕೋಟೆಯಿಂದ ಹೊರತೆಗೆಯಲೂ ಇಲ್ಲ. ಹೆಬ್ಬೆರಳಿಗೆ ತೋರುಬೆರಳನ್ನು ಬೇಗ ಬೇಗ ತಟ್ಟಿಸಿದರು, ನಾಲ್ಕು ಹೆಜ್ಜೆ ನಡೆಸಿದರು, ಮೊಣಕೈ ಮಡಿಸಿ ಬಿಡಿಸಿ ನೋಡಿದರು, ಪಾರ್ಕಿನ್ಸನ್ ಕಾಯಿಲೆ, ಅಂದರೆ ಕಂಪವಾತವೇ ಎಂದರು. ‘ಎಂಆರ್‌ಐ ಸರಿಯಾಗಿಯೇ ಇತ್ತಲ್ಲ ಡಾಕ್ಟರೇ?’ ಎಂದೆ. ‘ಸರಿಯಾಗಿಯೇ ಇರಬೇಕು. ಇವರ ಎಂಆರ್‌ಐ ಕೆಟ್ಟಿದ್ದರೆ ನಾನು ಬೇರೆ ಕಾಯಿಲೆ ಹುಡುಕಬೇಕಾಗುತ್ತಿತ್ತು’ ಎಂದರು.

ಆ ಒಂದು ಮಾತು ಅರ್ಥವಾಗಲು ನನಗೆ ಬಹಳ ಓದಬೇಕಾಯಿತು. ಮಿದುಳಿನ ಚಿತ್ರ ತಾನಾಗಿ ರೋಗದ ಹೆಸರು ಹೇಳುವುದಿಲ್ಲ, ಕೇಳಿದ ಪ್ರಶ್ನೆಗಷ್ಟೇ ಉತ್ತರ ಕೊಡುತ್ತದೆ. ಯಾವ ಪ್ರಶ್ನೆಯನ್ನು ಯಾವ ಯಂತ್ರಕ್ಕೆ ಕೇಳಬೇಕು ಎಂಬುದನ್ನು ರೋಗಿಯ ಜೊತೆ ಓಡಾಡುವವರಿಗಾಗಿ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ತೀರ್ಮಾನ ವೈದ್ಯರದೇ. ಆದರೆ ಅವರ ಮುಂದೆ ಸರಿಯಾದ ಮಾಹಿತಿ ಇಡುವ ಕೆಲಸ ಮನೆಯವರದು.

1. ಮೊದಲು ಮೊಬೈಲ್ ಕ್ಯಾಮೆರಾ, ಆಮೇಲೆ ಸ್ಕ್ಯಾನರ್

ಪಾರ್ಕಿನ್ಸೋನಿಸಂ ಎಂಬುದು ಒಂದೇ ಕಾಯಿಲೆಯಲ್ಲ, ಲಕ್ಷಣಗಳ ಗುಂಪು. ಚಲನೆ ನಿಧಾನವಾಗಿರಲೇಬೇಕು, ಅದರ ಜೊತೆ ಸುಮ್ಮನಿರುವ ಕೈಕಾಲಿನ ನಡುಕವಾಗಲಿ ಸ್ನಾಯುಗಳ ಬಿಗಿತವಾಗಲಿ ಇರಬೇಕು. 1817ರಲ್ಲಿ ಜೇಮ್ಸ್ ಪಾರ್ಕಿನ್ಸನ್ ವಿವರಿಸಿದ ಕಾಯಿಲೆ ಇದಕ್ಕೆ ಮುಖ್ಯ ಕಾರಣ, ಒಂದೇ ಕಾರಣವಲ್ಲ. ಮರೆವು, ಭ್ರಮೆ ತರುವ ಲೆವಿ ಬಾಡಿ ಡಿಮೆನ್ಷಿಯಾ, ಬಿಪಿ ಮತ್ತು ಮೂತ್ರದ ಹತೋಟಿಯನ್ನೂ ಕೆಡಿಸುವ ಮಲ್ಟಿಪಲ್ ಸಿಸ್ಟಮ್ ಅಟ್ರೋಫಿ, ಕಣ್ಣಿನ ಚಲನೆ ಕುಂದಿಸಿ ಬೇಗನೆ ಬೀಳುವಂತೆ ಮಾಡುವ ಪ್ರೋಗ್ರೆಸಿವ್ ಸುಪ್ರಾನ್ಯೂಕ್ಲಿಯರ್ ಪಾಲ್ಸಿ, ಸಣ್ಣಪುಟ್ಟ ಪಾರ್ಶ್ವವಾಯುಗಳು, ಮಿದುಳಿನ ಕುಹರಗಳಲ್ಲಿ ನೀರು ತುಂಬುವುದು, ಇವೆಲ್ಲವೂ ಅದೇ ವೇಷದಲ್ಲಿ ಬರಬಲ್ಲವು. ಔಷಧಿಗಳೂ ಬರಿಸಬಲ್ಲವು. ಮನೋರೋಗದ ಕೆಲವು ಮಾತ್ರೆಗಳು, ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್, ತಲೆಸುತ್ತಿಗೆ ವರ್ಷಗಟ್ಟಲೆ ನುಂಗುವ ಸಿನ್ನಾರಿಜಿನ್, ಫ್ಲುನಾರಿಜಿನ್ ಈ ಪಟ್ಟಿಯಲ್ಲಿವೆ. ಸ್ಕ್ಯಾನ್‌ಗೆ ದುಡ್ಡು ಸುರಿಯುವ ಮೊದಲು ಮನೆಯ ಔಷಧಿ ಡಬ್ಬಿಯನ್ನು ಪೂರ್ತಿ ವೈದ್ಯರ ಮೇಜಿನ ಮೇಲೆ ಸುರಿಯಿರಿ.

ಮೊಬೈಲ್‌ನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ. ಕುರ್ಚಿಯಿಂದ ಏಳುವುದು, ನಡೆದು ತಿರುಗುವುದು, ನಾಲ್ಕು ಸಾಲು ಬರೆಯುವುದು, ಬೆರಳು ತಟ್ಟುವುದು. ಬೆರಳು ತಟ್ಟುವಾಗ ವೇಗಕ್ಕಿಂತ ಅಗಲವನ್ನು ಗಮನಿಸಿ. ಮೊದಲ ಮೂರು ನಾಲ್ಕು ಸಲ ಬೆರಳು ಚೆನ್ನಾಗಿ ತೆರೆದುಕೊಳ್ಳುತ್ತದೆ. ಆಮೇಲೆ ಅಂತರ ಕಿರಿದಾಗುತ್ತಾ ಹೋಗಿ, ಎಂಟನೆಯ ಹತ್ತನೆಯ ಸಲಕ್ಕೆ ಬೆರಳು ಅಂಟಿಕೊಂಡಂತೆ ನಿಂತು, ಮತ್ತೆ ಹೊರಡುತ್ತದೆ. ಹೀಗೆ ಕುಗ್ಗುತ್ತಾ ಹೋಗುವುದೇ ತಜ್ಞರು ಹುಡುಕುವ ಗುರುತು. ಬರೀ ವಯಸ್ಸಿನಿಂದ ನಿಧಾನವಾದವರ ಬೆರಳು ನಿಧಾನವಾಗಿಯೇ ಆದರೂ ಒಂದೇ ಅಳತೆಯಲ್ಲಿ ತೆರೆಯುತ್ತಿರುತ್ತದೆ.

ದಿನಾಂಕಗಳನ್ನೂ ಬರೆದಿಡಿ. ಮೊದಲು ಬಂದದ್ದು ಮರೆವೋ ನಡುಕವೋ? ಮೊದಲ ವರ್ಷದಲ್ಲೇ ಹಿಂದಕ್ಕೆ ಬೀಳತೊಡಗಿದರೇ? ಎದ್ದು ನಿಂತಾಗ ಕಣ್ಣು ಕತ್ತಲೆಯಾಗಿ ಬರುತ್ತದೆಯೇ, ಮೂತ್ರ ತಡೆಯಲು ಆಗುತ್ತಿಲ್ಲವೇ? ನಿದ್ದೆಯಲ್ಲಿ ಕನಸು ಕಂಡಂತೆ ಕೂಗಿ, ಒದ್ದು, ಪಕ್ಕದವರಿಗೆ ಗುದ್ದಿದ್ದುಂಟೇ? ಇಲ್ಲದ ಮನುಷ್ಯರು, ಮಕ್ಕಳು, ಪ್ರಾಣಿಗಳು ಕಾಣಿಸುತ್ತವೆಯೇ? ‘ಅರವತ್ತಕ್ಕೆ ಅರಳು ಮರಳು’ ಎಂದು ತಳ್ಳಿಹಾಕುವ ಈ ಸಂಗತಿಗಳೇ ಯಾವ ಸ್ಕ್ಯಾನ್ ಬೇಕು, ಬೇಕೇ ಬೇಡವೇ ಎಂಬುದನ್ನು ನಿರ್ಧರಿಸುತ್ತವೆ. ಲಕ್ಷಣಗಳು ಸ್ಪಷ್ಟವಾಗಿದ್ದು ಕಂಪವಾತದ ಮುಖ್ಯ ಔಷಧಿಯಾದ ಲೆವೊಡೋಪಾ ಮಾತ್ರೆಗೆ ದೇಹ ಚೆನ್ನಾಗಿ ಸ್ಪಂದಿಸಿದರೆ ದುಬಾರಿ ಸ್ಕ್ಯಾನ್‌ಗಳ ಅಗತ್ಯವೇ ಇರದಿರಬಹುದು.

2. ಚೀಟಿಯ ಮೇಲಿನ ಪ್ರಶ್ನೆ

‘ಕೈ ನಡುಕ’ ಎನ್ನುವುದು ಪ್ರಶ್ನೆಯಲ್ಲ. ‘ಎರಡು ವರ್ಷದಿಂದ ಬಲಗೈ ನಿಧಾನ, ಆರು ತಿಂಗಳಿಂದ ಹಿಂದಕ್ಕೆ ಬೀಳುತ್ತಿದ್ದಾರೆ, ಮಧ್ಯಮಿದುಳು ಸವೆದಿದೆಯೇ?’ ಎಂಬುದು ಪ್ರಶ್ನೆ. ಚಿತ್ರ ಓದುವ ರೇಡಿಯಾಲಜಿಸ್ಟ್ ರೋಗಿಯನ್ನು ಕಂಡಿರುವುದಿಲ್ಲ, ಅವರಿಗೆ ಸಿಗುವುದು ಆ ಚೀಟಿ ಮಾತ್ರ. ಅದರಲ್ಲಿ ಏನನ್ನು ಹುಡುಕಬೇಕೆಂದು ಇಲ್ಲದಿದ್ದರೆ ಸೂಕ್ಷ್ಮ ಗುರುತುಗಳು ಕಣ್ಣಿಂದ ಜಾರುತ್ತವೆ, ಬೇಕಾದ ಕೋನದ ಚಿತ್ರಗಳನ್ನು ತೆಗೆಯದೆಯೂ ಇರಬಹುದು. ಚೀಟಿ ಬರೆಯುವವರು ವೈದ್ಯರೇ, ನಿಜ. ಆದರೆ ‘ಏನನ್ನು ನೋಡಲು ಈ ಸ್ಕ್ಯಾನ್? ಉತ್ತರ ಹೌದು ಅಂದರೆ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ?’ ಎಂದು ಕೇಳಲು ಯಾರ ಅಪ್ಪಣೆಯೂ ಬೇಡ. ಎರಡನೆಯ ಪ್ರಶ್ನೆಗೆ ಉತ್ತರ ‘ಏನೂ ಇಲ್ಲ’ ಎಂದಾದರೆ ಆ ಸ್ಕ್ಯಾನ್ ಮುಂದೂಡಬಹುದು.

3. ಎಂಆರ್‌ಐ: ಬೇರೆಯದನ್ನು ಹೊರಗಿಡಲು

ಸಾಮಾನ್ಯವಾಗಿ ಮೊದಲು ಮಾಡಿಸುವುದು ಇದನ್ನೇ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಸಾಯುವ ಜೀವಕೋಶಗಳು ಮಧ್ಯಮಿದುಳಿನ ಸಬ್‌ಸ್ಟಾನ್ಷಿಯಾ ನೈಗ್ರಾ ಎಂಬ ಕಪ್ಪು ಪಟ್ಟಿಯಲ್ಲಿವೆ. ಅಲ್ಲಿನ ನಷ್ಟವನ್ನು ಮಾಮೂಲಿ ಎಂಆರ್‌ಐ ತೋರಿಸುವುದಿಲ್ಲ. ತಂದೆಯವರ ವೈದ್ಯರ ಮಾತಿನ ಅರ್ಥ ಇಷ್ಟೇ. ಇಲ್ಲಿ ನೋಡುವುದು ಗೆಡ್ಡೆ, ಹಳೆಯ ಪಾರ್ಶ್ವವಾಯುವಿನ ಕಲೆಗಳು, ತಲೆಬುರುಡೆಯ ಕೆಳಗೆ ಕಟ್ಟಿದ ರಕ್ತ, ಉಬ್ಬಿದ ಕುಹರಗಳನ್ನು. ಕೊನೆಯದು ಮುಖ್ಯ. ಪಾದ ನೆಲಕ್ಕೆ ಅಂಟಿದಂತೆ ನಡಿಗೆ, ಮರೆವು, ಮೂತ್ರದ ತೊಂದರೆ ಮೂರೂ ಸೇರಿ ಕುಹರಗಳೂ ಉಬ್ಬಿದ್ದರೆ, ನೀರನ್ನು ಹೊರಹರಿಸುವ ಶಸ್ತ್ರಚಿಕಿತ್ಸೆಯಿಂದ ಕೆಲವರು ಚೇತರಿಸಿಕೊಳ್ಳುತ್ತಾರೆ.

ಪಾರ್ಕಿನ್ಸನ್‌ನ ‘ದಾಯಾದಿ’ಗಳು ಮಾತ್ರ ಎಂಆರ್‌ಐಯಲ್ಲಿ ಗುರುತು ಬಿಡುತ್ತವೆ. ತಲೆಯನ್ನು ಮೂಗಿನ ನೇರಕ್ಕೆ ಎರಡು ಹೋಳು ಮಾಡಿದಂತೆ ಕಾಣುವ ಪಕ್ಕನೋಟದ ಚಿತ್ರವೊಂದಿದೆ. ಅದರಲ್ಲಿ ನಡುಮಧ್ಯೆ, ಮೇಲೆ ಮಧ್ಯಮಿದುಳು, ಅದರ ಕೆಳಗೆ ಹೊಟ್ಟೆ ಉಬ್ಬಿಸಿಕೊಂಡ, ಮಿದುಳುಕಾಂಡದ ಭಾಗವಾದ ಪಾನ್ಸ್ ಕಾಣುತ್ತವೆ. ಆರೋಗ್ಯವಂತರಲ್ಲಿ ಮಧ್ಯಮಿದುಳಿನ ಮೇಲಂಚು ಮೇಲಕ್ಕೆ ಉಬ್ಬಿರುತ್ತದೆ. ಪ್ರೋಗ್ರೆಸಿವ್ ಸುಪ್ರಾನ್ಯೂಕ್ಲಿಯರ್ ಪಾಲ್ಸಿಯಲ್ಲಿ ಆ ಅಂಚು ತಗ್ಗಿ ಒಳಗೆ ಬಾಗುತ್ತದೆ, ಮಧ್ಯಮಿದುಳು ಸಣ್ಣ ತಲೆ ಮತ್ತು ಚೂಪು ಕೊಕ್ಕಿನಂತಾಗುತ್ತದೆ, ಪಾನ್ಸ್ ಗುಂಡಗಿನ ಮೈಯಾಗುತ್ತದೆ. ಹಾಗಾಗಿ ಇದಕ್ಕೆ ಹಮ್ಮಿಂಗ್‌ಬರ್ಡ್ ಗುರುತು ಎಂದು ಹೆಸರು, ಪೆಂಗ್ವಿನ್ ಎನ್ನುವವರೂ ಇದ್ದಾರೆ. ಒಮ್ಮೆ ಕಣ್ಣಿಗೆ ಬಿದ್ದರೆ ಮರೆಯುವಂಥದ್ದಲ್ಲ. ಕಣ್ಣಂದಾಜು ಸಾಲದೆಂದು ಅಳೆಯುವ ಸೂತ್ರವೂ ಇದೆ: ಪಾನ್ಸ್‌ನ ವಿಸ್ತೀರ್ಣವನ್ನು ಮಧ್ಯಮಿದುಳಿನ ವಿಸ್ತೀರ್ಣದಿಂದ ಭಾಗಿಸಿ, ಅದನ್ನು ಕಿರುಮಿದುಳಿನ ಮಧ್ಯದ ಮತ್ತು ಮೇಲಿನ ತೊಟ್ಟುಗಳ ಅಗಲದ ಅನುಪಾತದಿಂದ ಗುಣಿಸುತ್ತಾರೆ. ಸಂಖ್ಯೆ ದೊಡ್ಡದಾದಷ್ಟೂ ಅನುಮಾನ ಬಲವಾಗುತ್ತದೆ.

ಮಲ್ಟಿಪಲ್ ಸಿಸ್ಟಮ್ ಅಟ್ರೋಫಿಯಲ್ಲಿ ಪಾನ್ಸ್‌ನ ಅಡ್ಡಸೀಳಿನಲ್ಲಿ ಕೂಡಿಸುವ ಚಿಹ್ನೆಯಂಥ ಬಿಳಿ ಗೀಟುಗಳು ಮೂಡಬಹುದು. ಮೇಲೆ ಶಿಲುಬೆ ಗೀರಿದ ಬನ್ನಿನ ಹೆಸರನ್ನು ಅದಕ್ಕಿಟ್ಟಿದ್ದಾರೆ. ರೇಡಿಯಾಲಜಿಸ್ಟರು ಯಾಕೆ ಇಷ್ಟು ಹಸಿದಿರುತ್ತಾರೋ ಗೊತ್ತಿಲ್ಲ. ಇನ್ನೊಂದು, 3 ಟೆಸ್ಲಾ ಎಂಬ ಹೆಚ್ಚು ಕಾಂತಬಲದ ಯಂತ್ರದಲ್ಲಿ ಕಬ್ಬಿಣಾಂಶವನ್ನು ಎತ್ತಿ ತೋರಿಸುವ ವಿಧಾನದಲ್ಲಿ ತೆಗೆದಾಗ, ಆರೋಗ್ಯವಂತರ ಸಬ್‌ಸ್ಟಾನ್ಷಿಯಾ ನೈಗ್ರಾದ ಹಿಂಭಾಗ ಬಾನಾಡಿಯ ಕವಲು ಬಾಲದಂತೆ ಕಾಣುತ್ತದೆ. ಪಾರ್ಕಿನ್ಸನ್‌ನಲ್ಲಿ ಆ ಕವಲು ಮಾಯವಾಗುತ್ತದೆ. ಆದರೆ ದಾಯಾದಿ ಕಾಯಿಲೆಗಳಲ್ಲೂ ಮಾಯವಾಗುವುದರಿಂದ, ಯಾವುದೆಂದು ಇದೊಂದರಿಂದಲೇ ಹೇಳಲಾಗದು.

ನೆನಪಿಡಬೇಕಾದ್ದು: ಈ ಗುರುತುಗಳು ಕಂಡರೆ ಅರ್ಥವಿದೆ, ಕಾಣದಿದ್ದರೆ ಆ ಕಾಯಿಲೆ ಇಲ್ಲವೆಂದಲ್ಲ. ಆರಂಭದ ವರ್ಷಗಳಲ್ಲಿ ಅವು ಇರದಿರಬಹುದು.

ಹೋಗುವ ದಿನ ಕಂಪವಾತದ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ಕೊಡಿ. ‘ಸ್ಕ್ಯಾನ್ ಇದೆ, ಖಾಲಿ ಹೊಟ್ಟೆ’ ಎಂದುಕೊಂಡು ಮಾತ್ರೆ ತಪ್ಪಿಸಿದರೆ ನಡುಕ ಹೆಚ್ಚಿ, ಚಿತ್ರ ಮಸುಕಾಗಿ, ಮತ್ತೆ ಮಲಗಿಸಬೇಕಾಗುತ್ತದೆ. ಪೇಸ್‌ಮೇಕರ್ ಅಥವಾ ಮಿದುಳಿಗೆ ವಿದ್ಯುತ್ ಪ್ರಚೋದನೆ ಕೊಡುವ ಸಾಧನ ಇದ್ದರೆ ಮೊದಲೇ ತಿಳಿಸಿ, ಅದರ ಕಾರ್ಡ್ ಜೊತೆಗಿರಲಿ. ತಲೆಯ ಎರಡೂ ಪಕ್ಕಕ್ಕೆ ಮೆತ್ತೆ ಇಡಲು ಕೇಳಿ.

4. ಡ್ಯಾಟ್ ಸ್ಕ್ಯಾನ್: ಅಲ್ಪವಿರಾಮ, ಪೂರ್ಣವಿರಾಮ

ಎಂಆರ್‌ಐ ತೋರಿಸುವುದು ಮಿದುಳಿನ ಆಕಾರವನ್ನು. ಡ್ಯಾಟ್ ಸ್ಕ್ಯಾನ್ ತೋರಿಸುವುದು, ಚಲನೆಗೆ ಬೇಕಾದ ಡೋಪಮೈನ್ ಎಂಬ ರಾಸಾಯನಿಕವನ್ನು ಬಿಡುವ ನರತುದಿಗಳು ಉಳಿದಿವೆಯೇ ಎಂಬುದನ್ನು. ನರತುದಿ ತಾನು ಬಿಟ್ಟ ಡೋಪಮೈನನ್ನು ಮತ್ತೆ ಒಳಗೆಳೆದುಕೊಳ್ಳಲು ಒಂದು ವಾಹಕ ಪ್ರೋಟೀನ್ ಇಟ್ಟುಕೊಂಡಿರುತ್ತದೆ. ಅಯೋಡಿನ್-123 ಸೇರಿಸಿದ ಐಯೊಫ್ಲುಪೇನ್ ಎಂಬ ಮದ್ದನ್ನು ರಕ್ತನಾಳಕ್ಕೆ ಚುಚ್ಚಿದರೆ ಅದು ಹೋಗಿ ಆ ವಾಹಕಕ್ಕೆ ಅಂಟಿಕೊಳ್ಳುತ್ತದೆ. ಅಲ್ಲಿಂದ ಬರುವ ಕಿರಣಗಳನ್ನು ಸ್ಪೆಕ್ಟ್ ಕ್ಯಾಮೆರಾ ಹಿಡಿಯುತ್ತದೆ. ಅಮೆರಿಕದ ಔಷಧಿ ನಿಯಂತ್ರಕರು ಇದನ್ನು 2011ರಲ್ಲಿ ಒಪ್ಪಿದರು, 2022ರಲ್ಲಿ ಲೆವಿ ಬಾಡಿ ಡಿಮೆನ್ಷಿಯಾದ ಅನುಮಾನಕ್ಕೂ ವಿಸ್ತರಿಸಿದರು.

ಚಿತ್ರ ಓದುವುದನ್ನು ಯಾರಾದರೂ ಕಲಿಯಬಹುದು. ಕಪ್ಪು ಹಿನ್ನೆಲೆಯಲ್ಲಿ ನಡುವೆ ಎರಡು ಹೊಳೆಯುವ ಅಲ್ಪವಿರಾಮಗಳು ಒಂದಕ್ಕೊಂದು ಕನ್ನಡಿಯಂತೆ ಕಂಡರೆ ಸರಿಯಾಗಿದೆ. ಅಲ್ಪವಿರಾಮದ ತಲೆ ಕಾಡೇಟ್, ಬಾಲ ಪುಟಾಮೆನ್, ಎರಡೂ ಆ ನರತುದಿಗಳು ಬಂದು ಸೇರುವ ಮಿದುಳಿನ ಭಾಗಗಳು. ಪಾರ್ಕಿನ್ಸನ್‌ನಲ್ಲಿ ಬಾಲ ಹಿಂದಿನಿಂದ ಸವೆಯುತ್ತಾ ಬಂದು ಕೊನೆಗೆ ತಲೆಯಷ್ಟೇ ಉಳಿಯುತ್ತದೆ. ಅಲ್ಪವಿರಾಮವಿದ್ದಲ್ಲಿ ಪೂರ್ಣವಿರಾಮ. ಬಲಗೈಯಲ್ಲಿ ಶುರುವಾದವರ ಮಿದುಳಿನ ಎಡಪಕ್ಕ ಮೊದಲು ಸವೆದಿರುತ್ತದೆ.

ದಿನ ಹೀಗೆ ಸಾಗುತ್ತದೆ. ಮೊದಲು ಥೈರಾಯ್ಡ್ ಗ್ರಂಥಿ ಅಯೋಡಿನ್ ಹೀರದಂತೆ ತಡೆಯಲು ಒಂದು ಮಾತ್ರೆ ಅಥವಾ ಹನಿ. ಸುಮಾರು ಒಂದು ತಾಸಿನ ಬಳಿಕ ಚುಚ್ಚುಮದ್ದು. ಆಮೇಲೆ 3ರಿಂದ 6 ತಾಸು ಕಾಯುವುದು, ನೀರು ಕುಡಿಯುವುದು, ಮೂತ್ರ ಮಾಡುತ್ತಿರುವುದು. ಅನಂತರ ಅರ್ಧ ಮುಕ್ಕಾಲು ತಾಸು ಅಲುಗಾಡದೆ ಮಲಗಬೇಕು. ಕ್ಯಾಮೆರಾ ತಲೆಗೆ ತಾಗುವಷ್ಟು ಹತ್ತಿರ ಸುತ್ತುತ್ತದೆ, ಇಕ್ಕಟ್ಟು ಕಂಡರೆ ಹೆದರುವವರಿಗೆ ಮೊದಲೇ ಹೇಳಿಡಿ. ಅಯೋಡಿನ್-123ರ ಪ್ರಮಾಣ ಸುಮಾರು 13 ತಾಸಿಗೆ ಅರ್ಧವಾಗುತ್ತದೆ. ವಿಕಿರಣದ ಭಯ ಬಹಳ ಬೇಡ, ಪ್ರಕೃತಿಯಿಂದ ವರ್ಷಕ್ಕೆ ನಮಗೆ ಬರುವುದರ ಒಂದೆರಡು ಪಟ್ಟು. ಗರ್ಭಿಣಿಯರಿಗೆ ಮಾಡುವುದಿಲ್ಲ.

ಔಷಧಿಗಳ ವಿಷಯದಲ್ಲಿ ಗೊಂದಲ ಬೇಡ: ಲೆವೊಡೋಪಾ ನಿಲ್ಲಿಸಬೇಕಾಗಿಲ್ಲ. ಆದರೆ ಬುಪ್ರೊಪಿಯಾನ್, ಮಿಥೈಲ್‌ಫೆನಿಡೇಟ್, ಆಂಫೆಟಮೈನ್‌ಗಳು ಅದೇ ವಾಹಕದ ಮೇಲೆ ಕುಳಿತು ಚಿತ್ರ ಕೆಡಿಸುತ್ತವೆ. ಯಾವುದನ್ನು ಎಷ್ಟು ದಿನ ಮೊದಲು ಬಿಡಬೇಕೆಂದು ವೈದ್ಯರೇ ಹೇಳಬೇಕು, ನೀವಾಗಿ ಬಿಡಬೇಡಿ.

ಈ ಸ್ಕ್ಯಾನ್ ಉತ್ತರಿಸುವ ಪ್ರಶ್ನೆ ಕಿರಿದು. ಕೈಯೆತ್ತಿದಾಗ ಬರುವ ಎಸೆನ್ಷಿಯಲ್ ಟ್ರೆಮರ್‌ನಲ್ಲಿ, ಔಷಧಿಯಿಂದ ಬಂದ ಪಾರ್ಕಿನ್ಸೋನಿಸಂನಲ್ಲಿ, ಆಲ್ಝೈಮರ್‌ನಲ್ಲಿ ಅಲ್ಪವಿರಾಮಗಳು ಸಾಮಾನ್ಯವಾಗಿ ಹಾಗೇ ಇರುತ್ತವೆ. ಪಾರ್ಕಿನ್ಸನ್, ಮಲ್ಟಿಪಲ್ ಸಿಸ್ಟಮ್ ಅಟ್ರೋಫಿ, ಸುಪ್ರಾನ್ಯೂಕ್ಲಿಯರ್ ಪಾಲ್ಸಿ, ಲೆವಿ ಬಾಡಿ ಡಿಮೆನ್ಷಿಯಾಗಳಲ್ಲಿ ಕೆಟ್ಟಿರುತ್ತವೆ. ಆ ನಾಲ್ಕರಲ್ಲಿ ಯಾವುದು ಎಂದು ಡ್ಯಾಟ್ ಸ್ಕ್ಯಾನನ್ನು ಕೇಳುವುದು ವ್ಯರ್ಥ. ತಜ್ಞರು ಪಾರ್ಕಿನ್ಸನ್ ಎಂದುಕೊಂಡವರಲ್ಲೂ ಕೆಲವೊಮ್ಮೆ ಚಿತ್ರ ಸರಿಯಾಗಿರುವುದುಂಟು. ಅಂಥವರಲ್ಲಿ ಹೆಚ್ಚಿನವರದು ಪಾರ್ಕಿನ್ಸನ್ ಆಗಿರುವುದಿಲ್ಲ ಎಂದು ಕಾಲಾಂತರದಲ್ಲಿ ಗೊತ್ತಾಗಿದೆ.

5. ಮರೆವೂ ಜೊತೆಗಿದ್ದರೆ

ಚಲನೆಯ ಲಕ್ಷಣ ಬಂದು ವರ್ಷಕ್ಕಿಂತ ಹೆಚ್ಚಾದ ಮೇಲೆ ಬುದ್ಧಿ ಮಂಕಾದರೆ ಪಾರ್ಕಿನ್ಸನ್ ಡಿಮೆನ್ಷಿಯಾ ಎನ್ನುತ್ತಾರೆ. ಮರೆವು ಮೊದಲು ಬಂದರೆ ಅಥವಾ ಎರಡೂ ವರ್ಷದೊಳಗೆ ಜೊತೆಯಾದರೆ ಲೆವಿ ಬಾಡಿ ಡಿಮೆನ್ಷಿಯಾ. ಈ ಒಂದು ವರ್ಷದ ಗೆರೆ ಮನುಷ್ಯರು ಎಳೆದದ್ದು, ಮಿದುಳು ಎಳೆದದ್ದಲ್ಲ. ಎರಡರಲ್ಲೂ ಕೋಶಗಳೊಳಗೆ ಕಾಣುವುದು 1912ರಲ್ಲಿ ಫ್ರೆಡ್ರಿಕ್ ಲೆವಿ ವಿವರಿಸಿದ ಅದೇ ಗಂಟುಗಳು.

ಲೆವಿ ಬಾಡಿಯನ್ನು ಆಲ್ಝೈಮರ್‌ನಿಂದ ಬೇರ್ಪಡಿಸುವುದು ಬರೀ ಹೆಸರಿನ ಚರ್ಚೆಯಲ್ಲ. ಭ್ರಮೆ ಕಾಣುತ್ತಾರೆಂದು ಹ್ಯಾಲೊಪೆರಿಡಾಲ್‌ನಂಥ ಮನೋರೋಗದ ಮದ್ದು ಕೊಟ್ಟರೆ ಲೆವಿ ಬಾಡಿಯವರು ಕಟ್ಟಿಗೆಯಂತೆ ಬಿಗಿದುಕೊಳ್ಳಬಹುದು, ಜೀವಕ್ಕೂ ಅಪಾಯವಾಗಬಹುದು. 2017ರ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ, ಡಿಮೆನ್ಷಿಯಾ ಇರುವವರಲ್ಲಿ ಏರಿಳಿಯುವ ಎಚ್ಚರ, ಕಣ್ಣಿಗೆ ಕಾಣುವ ಭ್ರಮೆ, ಕನಸಿನಲ್ಲಿ ಹೊಡೆದಾಡುವ ನಿದ್ದೆ, ಪಾರ್ಕಿನ್ಸೋನಿಸಂ ಈ ನಾಲ್ಕರಲ್ಲಿ ಎರಡಿದ್ದರೆ ಸಂಭವ ಹೆಚ್ಚು. ಒಂದೇ ಇದ್ದರೆ ಡ್ಯಾಟ್ ಸ್ಕ್ಯಾನ್, ನಿದ್ದೆಯ ಪರೀಕ್ಷೆ ಅಥವಾ ಹೃದಯದ ಎಂಐಬಿಜಿ ಸ್ಕ್ಯಾನ್ ಪೈಕಿ ಒಂದು ಕೆಟ್ಟಿದ್ದರೂ ಅದೇ ತೀರ್ಮಾನ. ಮಿದುಳಿನ ಕಾಯಿಲೆಗೆ ಹೃದಯದ ಸ್ಕ್ಯಾನ್ ಯಾಕೆ ಎನ್ನುವಿರಾದರೆ, ಈ ಕಾಯಿಲೆ ಹೃದಯಕ್ಕೆ ಹೋಗುವ ಸಿಂಪಥೆಟಿಕ್ ನರಗಳನ್ನೂ ತಿನ್ನುತ್ತದೆ. ಹೃದಯ ವೈಫಲ್ಯ, ಸಕ್ಕರೆ ಕಾಯಿಲೆಯ ನರದೋಷ, ಕೆಲವು ಬಿಪಿ ಮತ್ತು ಖಿನ್ನತೆಯ ಮಾತ್ರೆಗಳು ಇದರ ಫಲಿತಾಂಶವನ್ನು ಕೆಡಿಸುತ್ತವೆ.

ಇನ್ನೊಂದು ಸಾಧನ ಎಫ್‌ಡಿಜಿ ಪೆಟ್. ವಿಕಿರಣಶೀಲ ಗ್ಲೂಕೋಸನ್ನು ಮಿದುಳಿನ ಯಾವ ಭಾಗ ಎಷ್ಟು ತಿನ್ನುತ್ತಿದೆ ಎಂದು ಇದು ತೋರಿಸುತ್ತದೆ. ಆಲ್ಝೈಮರ್‌ನಲ್ಲಿ ಕಿವಿಯ ಮೇಲೆ ಹಿಂದೆ ಇರುವ ಭಾಗಗಳೂ ಒಳಗಿನ ಹಿಂಬದಿಯ ಸಿಂಗ್ಯುಲೇಟ್ ಭಾಗವೂ ಮಂಕಾಗುತ್ತವೆ. ಲೆವಿ ಬಾಡಿಯಲ್ಲಿ ತಲೆಯ ಹಿಂತುದಿಯ ದೃಷ್ಟಿಭಾಗವೂ ಮಂಕಾಗುತ್ತದೆ, ಆದರೆ ಸಿಂಗ್ಯುಲೇಟ್ ಮಾತ್ರ ಸುತ್ತಲ ಕತ್ತಲಲ್ಲಿ ದ್ವೀಪದಂತೆ ಹೊಳೆಯುತ್ತಿರುತ್ತದೆ. ಇದಕ್ಕೆ 4ರಿಂದ 6 ತಾಸು ಉಪವಾಸ ಬೇಕು, ರಕ್ತದ ಸಕ್ಕರೆ ಹತೋಟಿಯಲ್ಲಿರಬೇಕು. ಚುಚ್ಚಿದ ಮೇಲೆ ಅರ್ಧ ತಾಸು ಮಂದ ಬೆಳಕಿನ ಕೋಣೆಯಲ್ಲಿ ಮಾತಾಡದೆ, ಓದದೆ, ಮೊಬೈಲ್ ನೋಡದೆ ಇರಬೇಕು. ಆ ಹೊತ್ತಿನಲ್ಲಿ ದುಡಿದ ಭಾಗ ಚಿತ್ರದಲ್ಲೂ ಹೊಳೆಯುತ್ತದೆ. ಜೊತೆಗೆ ಹೋದವರು ಧೈರ್ಯ ಹೇಳುವ ನೆಪದಲ್ಲಿ ಹರಟೆಗೆ ಕೂರಬೇಡಿ.

ಆಲ್ಝೈಮರ್‌ನಲ್ಲಿ ಮಿದುಳಿನಲ್ಲಿ ಶೇಖರವಾಗುವ ಅಮಿಲಾಯ್ಡ್ ಎಂಬ ಪ್ರೋಟೀನನ್ನು ತೋರಿಸುವ ಅಮಿಲಾಯ್ಡ್ ಪೆಟ್ ಇಲ್ಲಿ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ಲೆವಿ ಬಾಡಿ ಇರುವ ಬಹಳಷ್ಟು ಜನರಲ್ಲಿ ಅಮಿಲಾಯ್ಡ್ ಕೂಡ ಸೇರಿಕೊಂಡಿರುತ್ತದೆ.

6. ವರದಿ ಕೈಗೆ ಬಂದ ಮೇಲೆ

ಕೊನೆಯ ಸಾಲಿನ ಅಭಿಪ್ರಾಯಕ್ಕೆ ಹಾರಬೇಡಿ. ಮೊದಲು, ಕೇಳಿದ ಪ್ರಶ್ನೆ ವರದಿಯಲ್ಲಿದೆಯೇ ನೋಡಿ. ‘ಬಿಳಿದ್ರವ್ಯದ ಬದಲಾವಣೆ’ ಎಂದಿದ್ದರೆ ಗಾಬರಿ ಬೇಡ, ವಯಸ್ಸಾದವರಲ್ಲಿ ಅದು ಬಹಳ ಸಾಮಾನ್ಯ. ಆ ಬದಲಾವಣೆಯ ಅತಿ ತೀವ್ರ ಹಂತವಾದ ಫಜೆಕಾಸ್ ದರ್ಜೆ 3 ಎಂದಿದ್ದರೆ ರಕ್ತನಾಳದ ಪಾತ್ರ ಎಷ್ಟು ಎಂದು ಕೇಳಿ. ಮುದ್ರಿತ ಫಿಲ್ಮ್ ಸಾಲದು, ಚಿತ್ರಗಳ ಪೂರ್ಣ ಡಿಜಿಟಲ್ ಪ್ರತಿಯನ್ನು ಸಿಡಿ ಅಥವಾ ಪೆನ್‌ಡ್ರೈವ್‌ನಲ್ಲಿ ಪಡೆದುಕೊಳ್ಳಿ. ಅಳತೆ ಮಾಡಲು ಅದೇ ಬೇಕು.

7. ಅಧ್ಯಯನದ ಚಿತ್ರಗಳು ಬೇರೆ

‘ಸ್ಕ್ಯಾನ್‌ನಿಂದ ಪಾರ್ಕಿನ್ಸನ್ ಮೊದಲೇ ಪತ್ತೆ’ ಎಂಬ ಸುದ್ದಿ ಆಗಾಗ ಬರುತ್ತದೆ. ಓದುವಾಗ ನಾನು ನೋಡುವುದು ಎರಡನ್ನು: ಅಂತರ ಕಂಡದ್ದು ಗುಂಪಿನ ಸರಾಸರಿಯಲ್ಲೋ ಒಬ್ಬೊಬ್ಬರಲ್ಲೂ ಕಾಣುವಷ್ಟೋ? ಮತ್ತು ರೋಗವಿದೆ ಎಂದು ಹೇಗೆ ಖಚಿತಪಡಿಸಿದರು, ತಜ್ಞರ ಪರೀಕ್ಷೆಯಿಂದಲೋ, ಸತ್ತ ಮೇಲೆ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಯೋ?

ಚಿತ್ರಗಳನ್ನು ನಂಬಿ ಎಡವಿದ ಪಾಠವೂ ಇದೆ. ಲೆವೊಡೋಪಾ ಮಿದುಳಿಗೆ ಹಾನಿ ಮಾಡುತ್ತದೆಯೇ ಎಂದು ನೋಡಲು 361 ರೋಗಿಗಳ ಮೇಲೆ 40 ವಾರ ನಡೆಸಿದ ಎಲ್‌ಡೋಪಾ ಪ್ರಯೋಗದ ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಮಾತ್ರೆ ತೆಗೆದುಕೊಂಡವರು, ಅದನ್ನು ಎರಡು ವಾರ ನಿಲ್ಲಿಸಿದ ಮೇಲೂ, ಹುಸಿಮಾತ್ರೆಯವರಿಗಿಂತ ಚೆನ್ನಾಗಿದ್ದರು. ಅವರಲ್ಲಿ ಕೆಲವರ ಡೋಪಮೈನ್ ವಾಹಕದ ಸ್ಕ್ಯಾನ್ ಮಾತ್ರ ಹೆಚ್ಚು ಕುಸಿತ ತೋರಿಸಿತು. ರೋಗಿ ಒಂದು ಹೇಳುತ್ತಾನೆ, ಚಿತ್ರ ಇನ್ನೊಂದು. ಮಾತ್ರೆಯೇ ವಾಹಕಗಳ ಸಂಖ್ಯೆಯನ್ನು ತಗ್ಗಿಸಿ ಚಿತ್ರವನ್ನು ಮಂಕಾಗಿಸಿರಬಹುದೇ ಎಂಬ ಚರ್ಚೆ ವರ್ಷಗಟ್ಟಲೆ ನಡೆಯಿತು. ಅಂದಿನಿಂದ ಚಿತ್ರದ ಬದಲಾವಣೆಯನ್ನೇ ರೋಗದ ಬದಲಾವಣೆ ಎಂದುಕೊಳ್ಳಲು ಸಂಶೋಧಕರು ಹಿಂಜರಿಯುತ್ತಾರೆ.

ಬೆರಗಿನ ಕಥೆಯೂ ಇದೆ. 2001ರಲ್ಲಿ ಕೆನಡಾದ ಸಂಶೋಧಕರು ಪೆಟ್ ಬಳಸಿ, ಹುಸಿಮದ್ದು ಪಡೆದ ಪಾರ್ಕಿನ್ಸನ್ ರೋಗಿಗಳ ಮಿದುಳಿನಲ್ಲೂ ನಿಜವಾದ ಡೋಪಮೈನ್ ಬಿಡುಗಡೆಯಾಗುವುದನ್ನು ತೋರಿಸಿದರು. 2010ರಲ್ಲಿ ಶುರುವಾದ ಪಿಪಿಎಂಐ ಎಂಬ ದೊಡ್ಡ ಅಧ್ಯಯನ ಇಂದಿಗೂ ಚಿತ್ರ, ರಕ್ತ, ಬೆನ್ನುನೀರು ಮತ್ತು ದಿನನಿತ್ಯದ ಲಕ್ಷಣಗಳನ್ನು ಒಟ್ಟಿಗೆ ಜೋಡಿಸುತ್ತಾ ಬಂದಿದೆ. ಎಲ್ಲರೂ ಕಾಯುತ್ತಿರುವುದು ಲೆವಿ ಗಂಟಿನ ಮೂಲವಾದ ಆಲ್ಫಾ-ಸೈನ್ಯೂಕ್ಲಿನ್ ಪ್ರೋಟೀನನ್ನೇ ನೇರವಾಗಿ ತೋರಿಸುವ ಪೆಟ್ ಮದ್ದಿಗೆ. 2023ರಲ್ಲಿ ಅಂಥದೊಂದು ಮಲ್ಟಿಪಲ್ ಸಿಸ್ಟಮ್ ಅಟ್ರೋಫಿಯವರ ಕಿರುಮಿದುಳಿನಲ್ಲಿ ಹೊಳೆದಿದ್ದು ವರದಿಯಾಯಿತು.

ಅಧ್ಯಯನಕ್ಕೆ ಸೇರುವಂತೆ ಕೇಳಿದರೆ ಒಪ್ಪಿಗೆಪತ್ರಕ್ಕೆ ಸಹಿ ಹಾಕುವ ಮೊದಲು ಕೇಳಿ: ಒಟ್ಟು ಎಷ್ಟು ಸ್ಕ್ಯಾನ್, ಮಾತ್ರೆ ನಿಲ್ಲಿಸಬೇಕೇ, ಆಗ ಬಿದ್ದರೆ ನೋಡಿಕೊಳ್ಳುವವರು ಯಾರು, ನಮ್ಮ ಫಲಿತಾಂಶ ನಮಗೆ ಹೇಳುತ್ತೀರಾ? ಹೇಳುವುದಿಲ್ಲ ಎನ್ನುವ ಅಧ್ಯಯನಗಳೂ ಉಂಟು.

8. ಮತ್ತೆ ಯಾವಾಗ?

ಕಾಯಿಲೆ ಎಷ್ಟು ಮುಂದುವರಿದಿದೆ ಎಂದು ತಿಳಿಯಲು ವರ್ಷವರ್ಷ ಸ್ಕ್ಯಾನ್ ಬೇಕಿಲ್ಲ. ಅದಕ್ಕೆ ನಡಿಗೆ ಮತ್ತು ಬೆರಳು ಸಾಕು. ಆದರೆ ಬಿದ್ದು ತಲೆಗೆ ಪೆಟ್ಟಾದರೆ, ಕೆಲವೇ ದಿನಗಳಲ್ಲಿ ಗೊಂದಲ, ತೂಕಡಿಕೆ, ಒಂದು ಪಕ್ಕದ ಬಲಹೀನತೆ ಕಂಡರೆ ತಡಮಾಡಬೇಡಿ. ಬುರುಡೆಯ ಕೆಳಗಿನ ರಕ್ತ ವಾರಗಟ್ಟಲೆ ನಿಧಾನವಾಗಿ ಸಂಗ್ರಹವಾಗಬಲ್ಲದು.

ನಾಲ್ಕನೆಯ ವರ್ಷ ತಂದೆಯವರು ಬಚ್ಚಲುಮನೆಯಲ್ಲಿ ಬಿದ್ದಾಗ ಹೋದ ಎರಡನೆಯ ಚೀಟಿಯಲ್ಲಿ ಐದು ಸಾಲಿತ್ತು: ಬಿದ್ದ ದಿನಾಂಕ, ಹಿಂದಕ್ಕೆ ಬಿದ್ದದ್ದು, ಮಾತ್ರೆಗೆ ಸಿಗುವ ಸ್ಪಂದನೆ, ‘ರಕ್ತ ಕಟ್ಟಿದೆಯೇ?’, ‘ಮಧ್ಯಮಿದುಳಿನ ಅಳತೆ ಕೊಡಿ’. ವರದಿಯೂ ಐದು ಸಾಲು ಬಂತು. ರಕ್ತ ಕಟ್ಟಿರಲಿಲ್ಲ, ಮಧ್ಯಮಿದುಳಿನ ಮೇಲಂಚು ಉಬ್ಬಿಯೇ ಇತ್ತು.